ಹ್ಯಾಲೊವೀನ್ ದೆವ್ವದ ಮನೆಗೆ ಮಗುವನ್ನು ಕರೆದೊಯ್ಯಬಹುದೇ?

ಸೆಪ್ಟೆಂಬರ್ ಮುಗಿಯುತ್ತಾ ಬಂದರೆ ಅಮೆರಿಕದ ಊರೂರಲ್ಲೂ ಕುಂಬಳಕಾಯಿ ರಾಶಿಗಳ ಪಕ್ಕದಲ್ಲಿ ಅಸ್ಥಿಪಂಜರದ ಚಿತ್ರವಿರುವ ಬೋರ್ಡುಗಳು ಏಳುತ್ತವೆ. ಅಲ್ಲಿರುವ ಕನ್ನಡದ ಮನೆಗಳಲ್ಲೂ ಒಂದು ಚರ್ಚೆ ಶುರುವಾಗುತ್ತದೆ. ಎಂಟು ವರ್ಷದ ಮಗಳು ಶಾಲೆಯಿಂದ ಬಂದವಳೇ, "ಅಮ್ಮಾ, ಎಲ್ಲರೂ ಹಾಂಟೆಡ್ ಹೌಸ್‌ಗೆ ಹೋಗ್ತಿದಾರೆ, ನಾನೂ ಹೋಗ್ಬೇಕು" ಅನ್ನುತ್ತಾಳೆ. ಅಪ್ಪ, "ಹೋಗಲಿ ಬಿಡು, ಧೈರ್ಯ ಬರುತ್ತೆ" ಅನ್ನುತ್ತಾನೆ. ಅಮ್ಮನಿಗೆ ರಾತ್ರಿಯ ನಿದ್ದೆಯ ಚಿಂತೆ. ಊರಿನಿಂದ ಫೋನ್ ಮಾಡಿದ ಅಜ್ಜಿ, "ದುಡ್ಡು ಕೊಟ್ಟು ಮಕ್ಕಳನ್ನ ಹೆದರಿಸ್ಕೊಂಡು ಬರ್ತೀರೇನೇ?" ಎಂದು ಕೇಳುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಹಾಗಾಗಿ ಒಂದೇ ಮಾತಿನಲ್ಲಿ ಹೌದು, ಬೇಡ ಅನ್ನುವ ಮೊದಲು ಒಳಗೆ ನಡೆಯುವುದೇನು ಎಂದು ತಿಳಿದುಕೊಳ್ಳೋಣ.

ಹ್ಯಾಲೊವೀನ್ ಅಕ್ಟೋಬರ್ 31ರ ಹಬ್ಬ. ಆದರೆ ಅದರ ಹೆಸರಿನ ಹೆದರಿಕೆಯ ಆಟಗಳು ಸೆಪ್ಟೆಂಬರ್‌ನಿಂದಲೇ ತೆರೆದಿರುತ್ತವೆ. ಕೆಲವು ಥೀಮ್ ಪಾರ್ಕ್‌ಗಳಲ್ಲಿ ಆಗಸ್ಟ್ ಕೊನೆಗೇ ಶುರು. ಇವುಗಳಲ್ಲಿ ಹಲವು ಬಗೆ. ಹಾಂಟೆಡ್ ಹೌಸ್ ಅಂದರೆ ಕತ್ತಲೆಯ ಕೋಣೆಗಳ ಸಾಲು. ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುವಷ್ಟರಲ್ಲಿ ವೇಷ ಹಾಕಿದವರು ಮೇಲೆರಗಿದಂತೆ ಮಾಡಿ ಹೆದರಿಸುತ್ತಾರೆ. ಹೇರೈಡ್ ಅಂದರೆ ಹುಲ್ಲಿನ ಕಂತೆಗಳ ಮೇಲೆ ಕೂತು ಟ್ರ್ಯಾಕ್ಟರ್ ಗಾಡಿಯಲ್ಲಿ ತೋಟದೊಳಗೆ ಸುತ್ತುವುದು. ಕಾರ್ನ್ ಮೇಜ್ ಅಂದರೆ ಆಳೆತ್ತರದ ಮೆಕ್ಕೆಜೋಳದ ಹೊಲದಲ್ಲಿ ಕೊರೆದ ಸುತ್ತುದಾರಿ. ಕೊನೆಯ ಎರಡು ಹಗಲಲ್ಲಿ ಮಕ್ಕಳ ಆಟ. ಅದೇ ಹೊಲ ರಾತ್ರಿ ಎಂಟಕ್ಕೆ ಬೇರೆಯದೇ ಆಗಿರಬಹುದು. ಬುಕ್ ಮಾಡುವಾಗ ಹೆಸರಿಗೆ ಕೊಟ್ಟಷ್ಟೇ ಗಮನವನ್ನು ಸಮಯಕ್ಕೂ ಕೊಡಿ.

ದುಡ್ಡು ಕೊಟ್ಟು ಹೆದರುವ ಈ ಚಟ ಹೊಸದಲ್ಲ. ಇಂಗ್ಲೆಂಡಿನ ಲಿಪ್‌ಹುಕ್ ಎಂಬ ಊರಿನ ಹತ್ತಿರ ಹಾಲಿಕೋಂಬ್ ಎಂಬಲ್ಲಿ ಹಳೆಯ ಉಗಿಯಂತ್ರಗಳ ಸಂಗ್ರಹವಿದೆ. ಆರ್ಟನ್ ಆ್ಯಂಡ್ ಸ್ಪೂನರ್ ಕಂಪನಿ 1915ರಲ್ಲಿ ಕಟ್ಟಿದ, ಉಗಿಯಿಂದ ನಡೆಯುವ ಭೂತದ ಮನೆಯೊಂದು ಈಗಲೂ ಅಲ್ಲಿದೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಎಂಬ ಪಾರ್ಕು 1973ರಲ್ಲಿ ರಾತ್ರಿಯ ಭಯದ ಉತ್ಸವ ಆರಂಭಿಸಿತು. ಅದರ ಹೆಸರು ನಾಟ್ಸ್ ಸ್ಕೇರಿ ಫಾರ್ಮ್. ಫ್ಲಾರಿಡಾದ ಯೂನಿವರ್ಸಲ್ ಪಾರ್ಕು 1991ರಲ್ಲಿ ಆರಂಭಿಸಿದ್ದು ಇಂದು ಹ್ಯಾಲೊವೀನ್ ಹಾರರ್ ನೈಟ್ಸ್ ಎಂದು ಹೆಸರಾಗಿದೆ. 13 ವರ್ಷದೊಳಗಿನ ಮಕ್ಕಳಿಗೆ ತಕ್ಕುದಲ್ಲ ಎಂದು ಈ ಎರಡೂ ಪಾರ್ಕುಗಳು ತಾವೇ ಹೇಳುತ್ತವೆ. ಗಮನಿಸಿ, ಇದು ಸಲಹೆ ಮಾತ್ರ. ಏಳು ವರ್ಷದ ಮಗುವಿಗೆ ಟಿಕೆಟ್ ಕೊಂಡು ಗೇಟಿಗೆ ಹೋದರೆ ಯಾರಾದರೂ ತಡೆಯುತ್ತಾರೆ ಎಂದುಕೊಳ್ಳಬೇಡಿ. ತೀರ್ಮಾನದ ಹೊಣೆ ನಿಮ್ಮದೇ.

ಒಳಗೆ ಹೆದರಿಸುವುದು ಹೇಗೆ? ಮೊದಲನೆಯದು ಜಂಪ್ ಸ್ಕೇರ್, ಅಂದರೆ ತಟ್ಟನೆ ಬೆಚ್ಚಿಬೀಳಿಸುವುದು. ಗೋಡೆಯ ಹಲಗೆ ಧಡ್ ಎಂದು ಕೆಳಗೆ ಬೀಳುತ್ತದೆ, ಹಿಂದಿನಿಂದ ಒಬ್ಬರು ಕೂಗುತ್ತಾರೆ. ಇವರನ್ನು ಸ್ಕೇರ್ ಆ್ಯಕ್ಟರ್, ಅಂದರೆ ಹೆದರಿಸುವ ನಟರು ಅನ್ನುತ್ತಾರೆ. ಬಹುತೇಕ ನಮ್ಮ ಗಮನವನ್ನು ಒಂದು ಕಡೆ ಸೆಳೆದು ಇನ್ನೊಂದು ಕಡೆಯಿಂದ ಬರುವುದು ಇವರ ಪದ್ಧತಿ. ಎಡಗಡೆ ಬೊಂಬೆಯೊಂದು ಅಲುಗಾಡಿದರೆ ನಟ ಬಲಗಡೆ ಇದ್ದಾನೆ ಎಂದೇ ತಿಳಿಯಿರಿ. ಎರಡನೆಯದು ಅನಿಮಟ್ರಾನಿಕ್, ಅಂದರೆ ಮೋಟಾರು ಅಥವಾ ಗಾಳಿಯ ಒತ್ತಡದಿಂದ ಅಲುಗಾಡುವ ಯಂತ್ರದ ಬೊಂಬೆ. ಮೂರನೆಯದು ಸ್ಟ್ರೋಬ್ ಲೈಟ್, ಒಂದೇ ಸಮನೆ ಪಟಪಟನೆ ಹೊತ್ತಿ ಆರುವ ದೀಪ. ಇದರ ಬೆಳಕಿನಲ್ಲಿ ಮುಂದಿನವರ ಚಲನೆ ತುಂಡುತುಂಡಾಗಿ ಕಾಣುತ್ತದೆ, ದೂರ ಹತ್ತಿರ ಅಂದಾಜಾಗುವುದಿಲ್ಲ. ಇವುಗಳ ಜೊತೆಗೆ ಫಾಗ್ ಮಷೀನಿನ ಕೃತಕ ಮಂಜು, ನೆಲ ನಡುಗಿಸುವ ಸದ್ದು, ಕೆಲವು ಕಡೆ ಮೈ ಒತ್ತುವ ಗಾಳಿಚೀಲಗಳ ಇಕ್ಕಟ್ಟಾದ ದಾರಿ. ಕೈಗೆ ಹಿಡಿದು ಅಬ್ಬರಿಸುವ ಚೈನ್‌ಸಾ, ಅಂದರೆ ಮರ ಕೊಯ್ಯುವ ಯಂತ್ರಕ್ಕೆ, ಸರಪಳಿಯನ್ನು ಬಿಚ್ಚಿರುತ್ತಾರೆ. ಸದ್ದು ಮಾತ್ರ ಅಸಲಿ.

ಇದೆಲ್ಲ ದೊಡ್ಡವರಿಗೆ ಗೊತ್ತು. ಗೊತ್ತಿದ್ದೂ ಬೆಚ್ಚಿಬಿದ್ದು, ಮರುಕ್ಷಣ ನಗುತ್ತೇವೆ. ಆ ಮರುಕ್ಷಣದ ನಗು ಮಗುವಿಗೂ ಬರುತ್ತದೆಯೇ? ನಿಮ್ಮ ತೀರ್ಮಾನವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಇದಕ್ಕೆ ಉತ್ತರ ಹುಡುಕಲು ಒಂದು ಹಳೆಯ ಪ್ರಯೋಗ ಸಹಾಯ ಮಾಡುತ್ತದೆ. ರೀಟಾ ಡಿವ್ರೀಸ್ ಎಂಬ ಮನಶ್ಶಾಸ್ತ್ರಜ್ಞೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮೂರರಿಂದ ಆರು ವರ್ಷದ ಮಕ್ಕಳಿಗೆ ತೋರಿಸಿದರು. ಆಮೇಲೆ ಬೆಕ್ಕಿನ ಮುಂಭಾಗವನ್ನು ಮರೆಮಾಡಿ, ನಾಯಿಯ ಮುಖವಾಡ ತೊಡಿಸಿ ಮತ್ತೆ ತೋರಿಸಿದರು. ಬೆಕ್ಕಿನ ಹಿಂಭಾಗ ಮಕ್ಕಳಿಗೆ ಕಾಣುತ್ತಲೇ ಇತ್ತು. ಆದರೂ ಮೂರು ವರ್ಷದ ಅನೇಕ ಮಕ್ಕಳು ಅದು ನಿಜವಾಗಿಯೂ ನಾಯಿಯಾಗಿದೆ ಎಂದೇ ನಂಬಿದರು. ಆರು ವರ್ಷದವರಲ್ಲಿ ಹೆಚ್ಚಿನವರಿಗೆ ಅದು ಮುಖವಾಡ ತೊಟ್ಟ ಬೆಕ್ಕು ಎಂದು ಗೊತ್ತಾಯಿತು. ಈ ಅಧ್ಯಯನ ಪ್ರಕಟವಾದದ್ದು 1969ರಲ್ಲಿ. ಅಂದರೆ ಮೂರು ವರ್ಷದ ಮಗುವಿಗೆ "ಅದು ಬರೀ ಮುಖವಾಡ ಪುಟ್ಟಾ" ಎಂದು ಎಷ್ಟು ಹೇಳಿದರೂ ಪ್ರಯೋಜನ ಕಡಿಮೆ. ಮುಖ ಬದಲಾದರೆ ಅದರ ಲೋಕದಲ್ಲಿ ಆಳೇ ಬದಲಾದಂತೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಎಂಬುವರು ಮಕ್ಕಳು ಪರದೆಯ ಮೇಲಿನ ದೃಶ್ಯಗಳಿಗೆ ಹೇಗೆ ಹೆದರುತ್ತಾರೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಕಂಡುಕೊಂಡಂತೆ, ಚಿಕ್ಕ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ. 'ಇನ್‌ಕ್ರೆಡಿಬಲ್ ಹಲ್ಕ್' ಧಾರಾವಾಹಿಯಲ್ಲಿ ಸಾಧು ಮನುಷ್ಯನೊಬ್ಬ ಹಸಿರು ದೈತ್ಯನಾಗುತ್ತಾನೆ. ಆ ದೈತ್ಯ ಜನರಿಗೆ ಸಹಾಯ ಮಾಡುವವನು. ಆದರೂ ಪುಟ್ಟ ಮಕ್ಕಳನ್ನು ಹೆಚ್ಚು ಹೆದರಿಸಿದ್ದು ಅವನೇ. ಕತೆಯ ಎಳೆ ಹಿಡಿಯಬಲ್ಲ ದೊಡ್ಡ ಮಕ್ಕಳಿಗೆ ಅವನು ಬಂದಾಗ ಸಮಾಧಾನವಾಗುತ್ತಿತ್ತು. ಮಕ್ಕಳು ಬೆಳೆದಂತೆ ಭಯದ ಕಾರಣವೂ ಬದಲಾಗುತ್ತದೆ. ಹತ್ತು ವರ್ಷದ ಹುಡುಗನಿಗೆ ಹಸಿರು ದೈತ್ಯ ತಮಾಷೆ. ಮನೆಗೆ ನುಗ್ಗುವ ಕಳ್ಳ, ಮಕ್ಕಳನ್ನು ಕದ್ದೊಯ್ಯುವವನು ತಮಾಷೆಯಲ್ಲ, ಏಕೆಂದರೆ ಅದು ನಿಜವಾಗಿಯೂ ನಡೆಯಬಹುದು ಎಂದು ಅವನಿಗೆ ಈಗ ಗೊತ್ತು. ಆದ್ದರಿಂದ ಹಾಂಟೆಡ್ ಹೌಸಿನ ವಿಷಯ ಏನೆಂದು ವಿಚಾರಿಸಿ. ದೆವ್ವ, ಪಿಶಾಚಿ, ಮಮ್ಮಿಗಳಿರುವ ಮನೆ ಒಂದು ಬಗೆ. ಕೊಲೆಗಾರ, ಆಸ್ಪತ್ರೆ, ಹಿಂಸೆಯ ದೃಶ್ಯಗಳಿರುವ ಮನೆ ಬೇರೆ ಬಗೆ. ಎರಡನೆಯದಕ್ಕೆ ಹನ್ನೆರಡು ವರ್ಷದ ಮಕ್ಕಳನ್ನೂ ಕರೆದೊಯ್ಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಒಂದು ರಾತ್ರಿ ಹೆದರಿದರೆ ಏನಾಯ್ತು, ಮರೆತುಹೋಗುತ್ತೆ" ಅನ್ನುವವರಿದ್ದಾರೆ. ಹೆಚ್ಚಿನ ಮಕ್ಕಳು ಮರೆಯುತ್ತಾರೆ, ನಿಜ. ಆದರೆ ಕ್ರಿಸ್ಟನ್ ಹ್ಯಾರಿಸನ್ ಮತ್ತು ಕ್ಯಾಂಟರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಸಿನಿಮಾ ಅಥವಾ ಟಿವಿ ನೋಡಿ ಹೆದರಿದ್ದನ್ನು ಕಾಲೇಜು ವಿದ್ಯಾರ್ಥಿಗಳು ನೆನಪಿಸಿಕೊಂಡರು. ಸುಮಾರು ಕಾಲು ಭಾಗದಷ್ಟು ಮಂದಿ ಆ ಅಳುಕು ಇನ್ನೂ ಪೂರ್ತಿ ಹೋಗಿಲ್ಲ ಎಂದರು. ಅದು ಪರದೆಯ ಮೇಲೆ ಕಂಡದ್ದು. ಇಲ್ಲಿ ಆ ರೂಪ ಮೈಗೆ ತಾಗುವಷ್ಟು ಹತ್ತಿರ ಬರುತ್ತದೆ.

ಹಾಗೆಂದು ಹೆದರಿಕೆಯೇ ಕೆಟ್ಟದ್ದಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ವೈಲೆ ಎಂಬ ಊರಿನ ಹಾಂಟೆಡ್ ಹೌಸ್‌ಗೆ ಬಂದ 110 ಜನರ ಹೃದಯ ಬಡಿತವನ್ನು ಅಳೆದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಭಯ ತೀರ ಕಡಿಮೆಯಾದರೆ ಬೇಸರ, ತೀರ ಹೆಚ್ಚಾದರೆ ಸಂಕಟ, ನಡುವಿನ ಒಂದು ಮಟ್ಟದಲ್ಲಿ ಮಾತ್ರ ಖುಷಿ. ಆ ಮಟ್ಟ ಒಬ್ಬೊಬ್ಬರಿಗೂ ಬೇರೆ. ನಿಮ್ಮ ಮಗುವಿನದು ಎಲ್ಲಿದೆ ಎಂದು ಕಂಡುಹಿಡಿಯುವುದೇ ನಿಮ್ಮ ಕೆಲಸ.

ಐದು ವರ್ಷದೊಳಗಿನವರ ವಿಷಯದಲ್ಲಿ ಹೆಚ್ಚು ಯೋಚಿಸುವುದೇ ಬೇಡ. ಹಗಲಿನ ಕುಂಬಳಕಾಯಿ ತೋಟ, ಗ್ರಂಥಾಲಯದ ಕತೆ ಹೇಳುವ ಕಾರ್ಯಕ್ರಮ ಸಾಕು. ಎತ್ತಿಕೊಂಡಿದ್ದರೆ ಹೆದರುವುದಿಲ್ಲ ಎಂದು ಕಂಕುಳಲ್ಲಿ ಕೂರಿಸಿಕೊಂಡು ಒಳಗೆ ಹೋಗುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಎತ್ತರದಲ್ಲಿ ಮಗುವಿನ ಮುಖ ನಟನ ಮುಖವಾಡಕ್ಕೆ ನೇರವಾಗಿ ಎದುರಾಗುತ್ತದೆ. ಹದಿಮೂರು ದಾಟಿದವರು ಸಾಮಾನ್ಯವಾಗಿ ತಮ್ಮ ಮಿತಿ ತಾವು ಬಲ್ಲರು. ಅವರ ಕಷ್ಟ ಬೇರೆ, ಗೆಳೆಯರ ಮುಂದೆ "ನಾನು ಬರಲ್ಲ" ಅನ್ನಲು ಆಗುವುದಿಲ್ಲ. "ನಮ್ಮಮ್ಮ ಬಿಡಲ್ಲ ಕಣ್ರೋ" ಎಂದು ನಿಮ್ಮ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಮೊದಲೇ ಒಪ್ಪಿಗೆ ಕೊಟ್ಟಿರಿ.

ತಲೆನೋವಿನ ವಯಸ್ಸು ಆರರಿಂದ ಹನ್ನೆರಡು. ಇಲ್ಲಿ ವಯಸ್ಸಿಗಿಂತ ಸ್ವಭಾವ ಮುಖ್ಯ. ಮೊದಲು, ಹೋಗಬೇಕೆಂಬ ಆಸೆ ಯಾರದು ಎಂದು ನೋಡಿ. ಅಣ್ಣನದೋ, ಅಪ್ಪನದೋ ಆದರೆ ಅಲ್ಲಿಗೇ ನಿಲ್ಲಿಸಿ. ಮಗುವಿನದೇ ಆದರೆ, ನೀವು ಹೋಗಬೇಕೆಂದಿರುವ ಮನೆಯ ವಿಡಿಯೊ ಯೂಟ್ಯೂಬ್‌ನಲ್ಲಿ ಸಿಗುತ್ತದೆಯೇ ಹುಡುಕಿ. ಮೊದಲು ನೀವೊಬ್ಬರೇ ನೋಡಿ. ಪರವಾಗಿಲ್ಲ ಅನ್ನಿಸಿದರೆ ಹಗಲು ಹೊತ್ತು, ಪಕ್ಕದಲ್ಲಿ ಕೂತು ಮಗುವಿಗೆ ಸ್ವಲ್ಪ ತೋರಿಸಿ. ಕಣ್ಣು ಮುಚ್ಚಿಕೊಂಡರೂ ಬೆರಳ ಸಂದಿಯಲ್ಲಿ ನೋಡಿ ನಗುವ ಮಗು ಒಂದು ತರಹ. ಸುಮ್ಮನಾಗಿ, ಮೈ ಬಿಗಿಹಿಡಿದು, "ನಂಗೇನೂ ಭಯ ಆಗ್ಲಿಲ್ಲ" ಅನ್ನುವ ಮಗು ಇನ್ನೊಂದು ತರಹ. ಎರಡನೆಯ ಮಗುವಿಗೆ ಈ ವರ್ಷ ಬೇಡ. ಇನ್ನೊಂದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿದ್ದೇನೆ: ನಿಮ್ಮ ಮಗು ಬೇಡವಾದಾಗ "ಸಾಕು" ಎಂದು ಬಾಯಿಬಿಟ್ಟು ಹೇಳುತ್ತದೆಯೇ? ಕಚಗುಳಿ ಇಡುವಾಗ, ಜಾರುಬಂಡೆ ಹತ್ತುವಾಗ ಗಮನಿಸಿ. ಹೇಳುವ ಮಗುವನ್ನು ಧೈರ್ಯವಾಗಿ ಕರೆದೊಯ್ಯಬಹುದು. ನೀವು ಬೇಜಾರಾಗುತ್ತೀರಿ ಎಂದು ತಡೆದುಕೊಳ್ಳುವ ಮಗುವಿಗೆ ಕಾಯಬೇಕು.

ಹೋಗುವ ಮೊದಲು ಭಯದ ಹಿಂದಿನ ಕೆಲಸ ತೋರಿಸುವುದು ಬಹಳ ಒಳ್ಳೆಯದು. ಯಕ್ಷಗಾನದಲ್ಲಿ ರಾಕ್ಷಸ ವೇಷ ಬಂದೊಡನೆ ಚಿಟ್ಟನೆ ಚೀರುವ ಮಗುವನ್ನು ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಕರೆದೊಯ್ದು, ಕಲಾವಿದರು ಬಣ್ಣ ಹಚ್ಚಿಕೊಳ್ಳುವುದನ್ನು ತೋರಿಸಿದರೆ ಮುಂದಿನ ಆಟದಲ್ಲಿ ಅದೇ ಮಗು ಮುಂದಿನ ಸಾಲಿಗೆ ಬಂದು ಕೂರುತ್ತದೆ. ಅಮೆರಿಕದ ಮಕ್ಕಳ ಟಿವಿಯಲ್ಲಿ ಫ್ರೆಡ್ ರೋಜರ್ಸ್ ಮಾಡಿದ್ದೂ ಇದನ್ನೇ. ಹಲ್ಕ್ ಪಾತ್ರದ ಲೂ ಫೆರಿಗ್ನೊ ಮುಖಕ್ಕೆ ಹಸಿರು ಬಣ್ಣ ಹಚ್ಚಿಸಿಕೊಳ್ಳುವುದನ್ನು ಅವರು ತಮ್ಮ ಕಾರ್ಯಕ್ರಮದಲ್ಲಿ ಮಕ್ಕಳಿಗೆ ತೋರಿಸಿದರು. ಕೆಲವು ಹಾಂಟೆಡ್ ಹೌಸ್‌ಗಳು ಲೈಟ್ಸ್ ಆನ್ ಟೂರ್ ನಡೆಸುತ್ತವೆ. ಅಂದರೆ ದೀಪ ಹಾಕಿ, ನಟರಿಲ್ಲದೆ ಒಳಗನ್ನು ಸುತ್ತಿಸುವುದು. ಫ್ಲಾರಿಡಾದ ಯೂನಿವರ್ಸಲ್‌ನಲ್ಲೂ ಹಗಲಿನ ಇಂಥ ಟೂರ್ ಇದೆ, ಅದಕ್ಕೆ ಬೇರೆ ಟಿಕೆಟ್. ಆದರೆ ರಕ್ತಸಿಕ್ತ ಬೊಂಬೆಗಳು ಬೆಳಕಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತವೆ ಎಂಬುದು ನೆನಪಿರಲಿ.

ಆರೋಗ್ಯದ ಮಾತು. ಮಗುವಿಗೆ ಎಪಿಲೆಪ್ಸಿ, ಅಂದರೆ ಮೂರ್ಛೆರೋಗ ಇದ್ದರೆ ಸ್ಟ್ರೋಬ್ ಲೈಟಿನಿಂದ ಅಪಾಯವಾಗಬಹುದು. ವೈದ್ಯರನ್ನು ಕೇಳದೆ ಹೋಗಬೇಡಿ. ಆಸ್ತಮಾ ಇದ್ದವರಿಗೆ ಕೃತಕ ಮಂಜಿನಿಂದ ಕೆಮ್ಮು, ಉಬ್ಬಸ ಬರಬಹುದು. ಹೋದರೂ ಇನ್‌ಹೇಲರ್ ಜೇಬಿನಲ್ಲೇ ಇರಲಿ. ಆಟಿಸಂ ಇರುವ ಕೆಲವು ಮಕ್ಕಳಿಗೆ ದೆವ್ವಕ್ಕಿಂತ ಸದ್ದು ಮತ್ತು ಬೆಳಕೇ ತಡೆಯಲಾಗದ ಹಿಂಸೆ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ಬಿಪಿ, ಹೃದಯದ ತೊಂದರೆ ಇದ್ದರೆ ಅವರನ್ನೂ ಒಳಗೆ ಎಳೆದುಕೊಂಡು ಹೋಗಬೇಡಿ. ಚಿಕ್ಕ ತಂಗಿಯ ಜೊತೆ ಹೊರಗಿನ ಬೆಂಚಿನಲ್ಲಿ ಕೂರಲು ಒಬ್ಬರು ಬೇಕೇ ಬೇಕಲ್ಲ.

ಬೆಂಕಿಯ ಸುರಕ್ಷತೆಯನ್ನು ಯಾರೂ ಕೇಳುವುದಿಲ್ಲ. ಕೇಳಬೇಕು. 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಟ್ರೈಲರುಗಳನ್ನು ಜೋಡಿಸಿ ಮಾಡಿದ್ದ ಆ ಕತ್ತಲ ಕೋಟೆಯ ಗೋಡೆಯಲ್ಲಿ ಬೇಗ ಹೊತ್ತಿಕೊಳ್ಳುವ ಫೋಮ್ ಇತ್ತು, ಸ್ಪ್ರಿಂಕ್ಲರ್, ಅಂದರೆ ಬೆಂಕಿಯಾದೊಡನೆ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಆ ದುರಂತದ ನಂತರ ನಿಯಮಗಳು ಬಿಗಿಯಾದವು. ಈಗ ಅಮೆರಿಕದ ಕಟ್ಟಡ ನಿಯಮಗಳ ಪ್ರಕಾರ ಇಂಥ ಮನೆಗಳಲ್ಲಿ ಸ್ಪ್ರಿಂಕ್ಲರ್ ಮತ್ತು ಹೊಗೆ ಪತ್ತೆಮಾಡುವ ಸಾಧನ ಇರಬೇಕು. ಹೊಗೆ ಕಂಡೊಡನೆ ಗೊಂದಲದ ಸದ್ದೆಲ್ಲ ನಿಂತು, ಹೊರಹೋಗುವ ದಾರಿಯ ದೀಪಗಳು ಹೊತ್ತಿಕೊಳ್ಳಬೇಕು. ದೊಡ್ಡ ಪಾರ್ಕುಗಳಲ್ಲಿ ತಪಾಸಣೆ ನಡೆಯುತ್ತದೆ. ತೋಟದ ಕೊಟ್ಟಿಗೆಯಲ್ಲೋ ಯಾರದೋ ಗ್ಯಾರೇಜಿನಲ್ಲೋ ಮಾಡಿದ ತಾತ್ಕಾಲಿಕ ಮನೆಯಾದರೆ "ಅಗ್ನಿಶಾಮಕ ಇಲಾಖೆಯವರು ನೋಡಿದ್ದಾರಾ?" ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ.

ಫೋನ್ ಮಾಡಿದಾಗ ಇನ್ನೂ ಕೆಲವನ್ನು ಕೇಳಿಕೊಳ್ಳಿ. ನಟರು ಮೈ ಮುಟ್ಟುತ್ತಾರೆಯೇ? ಬಹಳ ಕಡೆ ಮುಟ್ಟುವುದಿಲ್ಲ. ಆದರೆ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಎಂಬ ಹಳೆಯ ಜೈಲಿನ ಹ್ಯಾಲೊವೀನ್ ನೈಟ್ಸ್‌ನಲ್ಲಿ, ಒಪ್ಪಿಗೆಯ ಗುರುತಾಗಿ ಹೊಳೆಯುವ ಸರ ತೊಟ್ಟವರನ್ನು ನಟರು ಹಿಡಿದು ಎಳೆಯಬಹುದು, ಗುಂಪಿನಿಂದ ಬೇರೆ ಮಾಡಬಹುದು. ಇನ್ನು ಕೆಲವು ಪಾರ್ಕುಗಳಲ್ಲಿ ಸರದ ಅರ್ಥವೇ ತಿರುಗಾಮುರುಗಾ: ನೋ ಬೂ ಸರ ತೊಟ್ಟವರನ್ನು ಹೆದರಿಸಬಾರದು. ಆ ಸರಕ್ಕೆ ಬೇರೆ ದುಡ್ಡು, ಅದೂ ಬಯಲಿನಲ್ಲಿ ನಡೆಯುವಷ್ಟು ಚೆನ್ನಾಗಿ ಕೋಣೆಗಳ ಒಳಗೆ ನಡೆಯುತ್ತದೆ ಎಂಬ ಖಾತರಿ ಇಲ್ಲ. ನಡುವೆ ಹೊರಬರುವ ಬಾಗಿಲು ಎಲ್ಲಿದೆ ಎಂಬುದನ್ನೂ ಕೇಳಿ. ಏನಾಗಬಹುದು ಎಂದು ಹೇಳದೆ ಮೊದಲೇ ವೇವರ್, ಅಂದರೆ "ಏನಾದರೂ ನಾವು ಹೊಣೆಯಲ್ಲ" ಎಂಬ ಕಾಗದಕ್ಕೆ ಸಹಿ ಕೇಳುವ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯಬೇಡಿ.

ಹೋದ ದಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಗುಂಪಿನ ನಡುವೆ ಮಗುವನ್ನು ನಡೆಸಿ. ತುದಿಯಲ್ಲಿರುವವರಿಗೆ ಸಾಮಾನ್ಯವಾಗಿ ಹೆದರಿಕೆ ಹೆಚ್ಚು. ಓಡಬಾರದು, ನಟರನ್ನು ಹೊಡೆಯಬಾರದು ಎಂದು ಮೊದಲೇ ಹೇಳಿ. ಗಾಬರಿಯಲ್ಲಿ ಕೈ ಬೀಸುವ ಮಕ್ಕಳಿಂದ ನಟರಿಗೆ ಪೆಟ್ಟಾಗುತ್ತದೆ. "ಸಾಕು" ಎಂದೊಡನೆ ವಾಪಸ್ ಎಂದು ಮಾತು ಕೊಡಿ. ಕೊಟ್ಟ ಮೇಲೆ ಟಿಕೆಟ್ ದುಡ್ಡಿನ ಮುಖ ನೋಡದೆ ನಡೆಸಿಕೊಡಿ. ಟಾರ್ಚ್ ಹಿಡಿದ, ಮುಖವಾಡವಿಲ್ಲದ ಸಿಬ್ಬಂದಿಯನ್ನು ಕೇಳಿದರೆ ಹೊರಗೆ ಬಿಡುತ್ತಾರೆ. ಹೊರಬಂದ ಮೇಲೆ ಚಿಕ್ಕವರಿಗೆ ವಿವರಣೆಗಿಂತ ಅಪ್ಪಿಕೊಳ್ಳುವುದು, ಕುಡಿಯಲು ಏನಾದರೂ ಕೊಡುವುದು ಹೆಚ್ಚು ಸಮಾಧಾನ ಕೊಡುತ್ತದೆ. ಎಂಟು ಒಂಬತ್ತು ದಾಟಿದವರಿಗೆ ಮಾತೇ ಔಷಧಿ. ರಾತ್ರಿ ದೀಪ ಬೇಕೆಂದರೆ ಹಾಕಿ, ಅಣಕಿಸಬೇಡಿ. ವಾರಗಟ್ಟಲೆ ನಿದ್ದೆ ಬಾರದೆ, ಕೋಣೆಗೆ ಒಬ್ಬರೇ ಹೋಗಲು ಒಲ್ಲದಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ.

ಖರ್ಚಿನ ವಿಷಯ. ಊರಿನ ಹಾಂಟೆಡ್ ಹೌಸ್‌ಗಳಿಗೆ ಸಾಮಾನ್ಯವಾಗಿ ಒಬ್ಬರಿಗೆ 20ರಿಂದ 50 ಡಾಲರ್. ಯೂನಿವರ್ಸಲ್‌ನ ರಾತ್ರಿ ಉತ್ಸವಕ್ಕೆ ಹಗಲಿನ ಟಿಕೆಟ್ ನಡೆಯುವುದಿಲ್ಲ, ಬೇರೆಯೇ ಕೊಳ್ಳಬೇಕು. ವಾರಾಂತ್ಯದಲ್ಲಿ ದರ ಏರುತ್ತದೆ, ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸಿಗೆ ಮತ್ತೆ ದುಡ್ಡು. ಕೊಂಡ ಟಿಕೆಟ್ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಚಿಕ್ಕ ಮಕ್ಕಳಿಗಾಗಿಯೇ ಮಾಡಿದ್ದು ಬೇಕೆಂದರೆ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮಿಕ್ಕೀಸ್ ನಾಟ್ ಸೋ ಸ್ಕೇರಿ ಹ್ಯಾಲೊವೀನ್ ಪಾರ್ಟಿ ಇದೆ. 1995ರಿಂದ ನಡೆಯುತ್ತಿರುವ ಇದರಲ್ಲಿ ಕ್ಯಾಂಡಿ, ಮೆರವಣಿಗೆ, ಕುಣಿತ. ಮೆರವಣಿಗೆಗೆ ಮುನ್ನ ತಲೆಯಿಲ್ಲದ ಸವಾರನೊಬ್ಬ ಕುದುರೆಯ ಮೇಲೆ ಹಾದುಹೋಗುತ್ತಾನೆ, ಮಗುವಿಗೆ ಮೊದಲೇ ಹೇಳಿಟ್ಟಿರಿ. ಟಿಕೆಟ್ 100 ಡಾಲರಿಗೂ ಮೇಲೆ, ಮೂರು ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ನಾಟ್ಸ್ ಪಾರ್ಕಿನಲ್ಲಿ ಹಗಲು ಹೊತ್ತು ಮಕ್ಕಳಿಗೆಂದೇ ಸ್ಪೂಕಿ ಫಾರ್ಮ್ ನಡೆಯುತ್ತದೆ, ಅದು ಪಾರ್ಕಿನ ಮಾಮೂಲಿ ಟಿಕೆಟ್‌ನಲ್ಲೇ ಸೇರಿದೆ. ಹೆಸರು ಸ್ಕೇರಿ ಫಾರ್ಮ್‌ಗೆ ತೀರ ಹತ್ತಿರ, ಬುಕ್ ಮಾಡುವಾಗ ಎಚ್ಚರ. ದುಡ್ಡೇ ಬೇಡ ಅಂದರೆ ಟ್ರಂಕ್ ಆರ್ ಟ್ರೀಟ್ ಇದೆ. ಶಾಲೆ ಅಥವಾ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಡಿಕ್ಕಿ ಅಲಂಕರಿಸಿ ಮಕ್ಕಳಿಗೆ ಮಿಠಾಯಿ ಹಂಚುತ್ತಾರೆ. ಶಾಲೆಯ ನೋಟಿಸ್, ಊರಿನ ಗ್ರಂಥಾಲಯದ ಬೋರ್ಡು, ಸ್ಥಳೀಯ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ವಿಚಾರಿಸಿದರೆ ವಿವರ ಸಿಗುತ್ತದೆ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಹ್ಯಾಲೊವೀನ್ ಪಾರ್ಟಿ ಮಾಡಿ ಕ್ಲಬ್‌ಹೌಸಿನ ಒಂದು ಕೋಣೆಯನ್ನು ದೆವ್ವದ ಮನೆ ಮಾಡುವುದುಂಟು. ಸಂಘಟಿಸುವವರು ನೀವಾದರೆ ಮೇಣದ ಬತ್ತಿ, ದೀಪ ಹಚ್ಚಲೇಬೇಡಿ. ಥರ್ಮಾಕೋಲ್, ಕಪ್ಪು ಪ್ಲಾಸ್ಟಿಕ್ ಹಾಳೆ, ಹಳೆ ಸೀರೆಗಳಿಂದ ಮಾಡಿದ ಗೋಡೆಗೆ ಒಂದು ಕಿಡಿ ಸಾಕು. ಬ್ಯಾಟರಿಯ ಎಲ್‌ಇಡಿ ದೀಪ ಬಳಸಿ. ಎರಡನೆಯ ಬಾಗಿಲಿಗೆ ಬೀಗ ಹಾಕಬೇಡಿ, ಅದರ ಮುಂದೆ ಕುರ್ಚಿ ಪೇರಿಸಬೇಡಿ. ಸಂಜೆ ಐದರಿಂದ ಆರರವರೆಗೆ ದೀಪ ಹಾಕಿ ಚಿಕ್ಕವರನ್ನು ಬಿಡಿ, ಕತ್ತಲೆಯ ಸರದಿ ಆಮೇಲೆ ದೊಡ್ಡವರಿಗೆ. ಸ್ವಿಚ್ ಬೋರ್ಡಿನ ಹತ್ತಿರ ಒಬ್ಬರು ದೊಡ್ಡವರು ಕೊನೆಯವರೆಗೂ ನಿಂತಿರಲಿ, ಯಾವ ಮಗು ಅತ್ತರೂ ತಕ್ಷಣ ಲೈಟ್ ಹಾಕಲಿ.